ಊಟದ ಹೊತ್ತಿಗೆ ಪಾಸಾದ ಕಾನೂನು

ನಮ್ಮ ಕರಾವಳಿಯವರು ನಾಲ್ಕು ಜನ ಸೇರಿದಲ್ಲಿ ಒಂದು ಸಂಘ, ಸಂಘ ಇದ್ದಲ್ಲಿ ಒಂದು ಅವಾಂತರ. ದುಬೈಗೆ ಬಂದರೂ ಈ ಗುಣ ಬಿಟ್ಟಿಲ್ಲ. ಮಕ್ಕಳಿಗೆ ಪ್ರಜಾಪ್ರಭುತ್ವ ತೋರಿಸಬೇಕೆಂದು ಈ ಸಲ ಸಂಘದವರು ಒಂದು ದಿನದ ಅಣಕು ರಾಷ್ಟ್ರೀಯ ಸಂಸತ್ತನ್ನೇ ಕಟ್ಟಿಬಿಟ್ಟರು. ದುಬೈಯಲ್ಲಿ ಹಾಲ್ ಸಿಗದೆ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹೋಟೆಲೊಂದರ ಹಾಲೇ ಸಂಸತ್ ಭವನವಾಯಿತು. ಅಪ್ಪ ಅಮ್ಮಂದಿರು ಸದಸ್ಯರು, ಮಕ್ಕಳು ಪ್ರೇಕ್ಷಕರು. ಗಂಟಲು ದೊಡ್ಡದೆಂದು ನನ್ನನ್ನು ಸ್ಪೀಕರ್ ಮಾಡಿದರು.

ಎಲ್ಲ ಅಣಕಾದರೂ ಮಸೂದೆ ಮಾತ್ರ ನಿಜದ್ದು. ಡಿಸ್ಕವರಿ ಗಾರ್ಡನ್ಸಿನ ತಮ್ಮ ಫ್ಲ್ಯಾಟಿನಲ್ಲಿ ನಮ್ಮ ಟೀಚರ್ ಪ್ರತಿ ಶನಿವಾರ ನಡೆಸುವ ಕನ್ನಡ ಕ್ಲಾಸನ್ನು ಮುಚ್ಚಬೇಕೋ ಬೇಡವೋ? ಸದನ ಹೇಳಿದ್ದನ್ನು ಸಂಘ ಕೇಳುವುದೆಂದು ಮೊದಲೇ ಮಾತಾಗಿತ್ತು. ಪಾಪ, ಪ್ರತಿಪಕ್ಷದ ಸಾಲಿನಲ್ಲಿ ಸದಸ್ಯರಾಗಿ ಕೂತಿದ್ದ ಟೀಚರ್ ಬೆಳಿಗ್ಗೆಯಿಂದ ಒಂದು ಲೋಟ ಚಹಾ ಕೂಡ ಕುಡಿದಿರಲಿಲ್ಲ.

ಪಕ್ಷಾಂತರ

ಪ್ರಮಾಣವಚನದ ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಆಡಳಿತ ಪಕ್ಷದವರು ಒಬ್ಬೊಬ್ಬರಾಗಿ ಎದ್ದು ಎದುರು ಪಕ್ಷದಲ್ಲಿ ಕೂತರು. ಹುಟ್ಟಿದ ದಿನವೇ ಸರ್ಕಾರ ಬಿತ್ತಲ್ಲ!

"ಎಂತ ಆಮಿಷ ಸಿಕ್ಕಿತು ಮಾರಾಯ್ರೇ?" ಎಂದು ಗೃಹಮಂತ್ರಿಗಳನ್ನು ಕೇಳಿದೆ.

ಅವರು ಹಲ್ಲು ಕಟಕಟಿಸುತ್ತ, "ಆಮಿಷವೂ ಇಲ್ಲ, ಮಣ್ಣೂ ಇಲ್ಲ. ಎಸಿ ಸೀದಾ ನಮ್ಮ ಮಂಡೆ ಮೇಲೆ ಉಂಟು!" ಎಂದರು.

ಎಸಿ ಕಡಿಮೆ ಮಾಡಿಸಿದೆ, ಎಲ್ಲರೂ ಸ್ವಸ್ಥಾನ ಸೇರಿದರು. ವೇಟರ್ ಕೈಯ ರಿಮೋಟಿನಿಂದ ಸರ್ಕಾರ ಉಳಿದದ್ದನ್ನು ನಾನು ಕಂಡದ್ದು ಅದೇ ಮೊದಲು.

ಪ್ರತಿಪಕ್ಷ ನಾಯಕರ ಸಂಕಟ

ಪ್ರಧಾನಿಗಳು ಎದ್ದು, "ಶನಿವಾರ ಒಂದು ದಿನ ಬೆಳಿಗ್ಗೆ ಮಲಗಲಿಕ್ಕೆ ಸಿಗುವುದು. ಮಕ್ಕಳನ್ನು ಬಿಡಲಿಕ್ಕೆ ಯಾರು ಓಡುವುದು? ಕ್ಲಾಸು ಖಲಾಸ್!" ಎಂದರು.

ಟೀಚರ್ ಆಸೆಗಣ್ಣಿನಿಂದ ಪ್ರತಿಪಕ್ಷ ನಾಯಕರನ್ನು ನೋಡಿದರು. ಹಿಂದಿನ ದಿನ ಅವರ ಮನೆಗೇ ಹೋಗಿ ಭಾಷಣ ಕಲಿಸಿ ಬಂದಿದ್ದರಂತೆ. ನಾಯಕರು ಎದ್ದರು, ಟೈ ಸರಿಮಾಡಿಕೊಂಡರು.

"ಸನ್ಮಾನ್ಯ ಪ್ರಧಾನಿಗಳು ಹೇಳಿದ್ದು ನೂರಕ್ಕೆ ನೂರು ಸರಿ, ಸರ್" ಎಂದು ಕೂತುಬಿಟ್ಟರು.

ನಾನು ಕಂಗಾಲು. ಬಳಿಗೆ ಕರೆದು, "ನೀವು ವಿರೋಧಿಸಬೇಕಲ್ಲ?" ಎಂದೆ. ಅವರು ಕಿವಿಯಲ್ಲಿ, "ಜುಮೇರಾ ಲೇಕ್ ಟವರ್ಸ್‌ನ ಆಫೀಸಿನಲ್ಲಿ ಅವರೇ ನನ್ನ ಮ್ಯಾನೇಜರ್. ಊರಿಗೆ ಹೋಗುವ ರಜೆ ಇನ್ನೂ ಅಪ್ರೂವ್ ಆಗಲಿಲ್ಲ, ಸ್ವಾಮಿ!" ಎಂದರು.

ಸಭಾತ್ಯಾಗ

ಟೀಚರ್ ಕಣ್ಣಲ್ಲಿ ನೀರು ಬಂತು. ಪ್ರತಿಪಕ್ಷ ನಾಯಕರಿಗೂ ಅದು ಕಂಡಿತೋ ಏನೋ, ಬಾಸಿನ ಎದುರು ಬಾಯಿ ಬಿಡದೆ ವಿರೋಧಿಸುವ ಒಂದೇ ದಾರಿ ಹಿಡಿದರು. ತಮ್ಮವರನ್ನೆಲ್ಲ ಕರೆದುಕೊಂಡು ಹೊರಗೆ ನಡೆದರು. ಟೀಚರ್ ಮಾತ್ರ ಕದಲಲಿಲ್ಲ.

ಹೊರಗೆ ಆಗಷ್ಟೇ ಊಟ ಬಡಿಸಲು ಶುರು ಮಾಡಿದ್ದರು. ತೆರೆದ ಬಾಗಿಲಿನಿಂದ ಅಂಜಲ್ ಫ್ರೈ ಪರಿಮಳ ಒಳಗೆ ನುಗ್ಗಿತು. "ಅವರೇ ಮೀನು ಖಾಲಿ ಮಾಡ್ತಾರೆ!" ಎಂದು ರಕ್ಷಣಾ ಮಂತ್ರಿ ಕೂಗಿದ್ದೇ ತಡ, ಯಲ್ಲಾ ಯಲ್ಲಾ, ನಡೀರಿ ನಡೀರಿ ಎಂದು ಇಡೀ ಸರ್ಕಾರ ಬಾಗಿಲಿನಾಚೆ.

ನಾನು ಬೆಪ್ಪಾದೆ. ಸದನದಲ್ಲಿ ಉಳಿದವರು ಟೀಚರ್ ಒಬ್ಬರೇ.

"ಅಧ್ಯಕ್ಷರೇ, ಮತಕ್ಕೆ ಹಾಕಿ" ಎಂದರು ಅವರು.

ಹಾಕಿದೆ. ಕ್ಲಾಸು ಸರ್ವಾನುಮತದಿಂದ ಉಳಿಯಿತು. ಮಕ್ಕಳ ಎದುರು ಇನ್ನೇನು ಮಾಡಲಿ, ನಿಯಮ ನಿಯಮವೇ.

"ಒಂದು ತಿದ್ದುಪಡಿ ಉಂಟು" ಎಂದರು. "ಮಕ್ಕಳನ್ನು ಬಿಟ್ಟು ಹೋಗುವ ಹಾಗಿಲ್ಲ. ಅಪ್ಪಂದಿರೂ ಕೂತು ಕಲಿಯಬೇಕು." ಅದೂ ಸರ್ವಾನುಮತದಿಂದ ಪಾಸಾಯಿತು.

ಪ್ರಧಾನಿಗಳು ಮೀನಿನ ತುಂಡು ಹಿಡಿದೇ ಓಡಿ ಬಂದರು. "ಇದೆಂತ ಅನ್ಯಾಯ! ಯಾರನ್ನು ಕೇಳಿ ಪಾಸು ಮಾಡಿದ್ದು?"

"ಸದನವನ್ನು ಕೇಳಿ" ಎಂದರು ಟೀಚರ್. "ನೀವು ಊಟದಲ್ಲಿದ್ದಿರಿ."

ಪ್ರಧಾನಿಗಳು ದಿಕ್ಕು ತೋಚದೆ ಪ್ರೇಕ್ಷಕರ ಕಡೆ ತಿರುಗಿದರು. ಅವರ ಮಗಳು ಗಾಬರಿಯಿಂದ ಎದ್ದು ನಿಂತಿದ್ದಳು.

"ಡ್ಯಾಡಿ, ಪ್ಲೀಸ್! ಕ್ಲಾಸಲ್ಲಿ ನನ್ನ ಪಕ್ಕ ಮಾತ್ರ ಕೂತ್ಕೋಬೇಡಿ!"