ಕಾಳಿನ ಕಾಳಜಿ

ಒಂದೇ ಒಂದು ಮೆಟ್ಟಿಲು ಹತ್ತದೆ ನನ್ನ ಮೂತ್ರಪಿಂಡಗಳನ್ನು ನಾನೇ ಉದ್ಧಾರ ಮಾಡುತ್ತೇನೆ ಎಂದು ಹೋದ ಚಳಿಗಾಲದಲ್ಲಿ ಘೋಷಿಸಿದೆ.

ಘೋಷಣೆಗೆ ಕಾರಣ ಡಾಕ್ಟರ್ ನಾಮ್. ನಾನು ಹನ್ನೆರಡು ವರ್ಷದಿಂದ ಮುದ್ದಾಗಿ ಸಾಕಿದ ಸಕ್ಕರೆ ಕಾಯಿಲೆ ಈಗ ಮೂತ್ರಪಿಂಡದ ಜರಡಿಗೇ ತೂತು ಕೊರೆದಿದೆ, ಪ್ರೋಟೀನ್ ಸೋರುತ್ತಿದೆ, ಮೂರು ತಿಂಗಳಲ್ಲಿ ಸೋರಿಕೆ ತಗ್ಗದಿದ್ದರೆ ಮುಂದೆ ಡಯಾಲಿಸಿಸ್ಸಿನ ದಾರಿಯೇ ಎಂದರು. ಮಾತ್ರೆಯ ಜೊತೆಗೆ ದಿನಾ ಮೆಟ್ಟಿಲು ಹತ್ತಬೇಕಂತೆ. ಒಂಬತ್ತನೇ ಮಹಡಿಯವನಿಗೆ ಹೇಳುವ ಮಾತೇ ಇದು? ನಾನು ಕಸದ ಚೀಲವನ್ನೂ ಲಿಫ್ಟಿನಲ್ಲಿ ಮೆರವಣಿಗೆ ಮಾಡಿಸುವವನು!

ಅಷ್ಟರಲ್ಲಿ ಪತ್ರಿಕೆಯೊಂದರಲ್ಲಿ ಓದಿದೆ: ಸೋಯಾಕಾಳಿನಲ್ಲಿರುವ ಐಸೋಫ್ಲೇವೋನ್ ಎಂಬ ಸಾರ ಸಕ್ಕರೆಯವರ ಮೂತ್ರಪಿಂಡಕ್ಕೆ ಒಳ್ಳೆಯದು ಮಾಡಬಹುದಂತೆ. ‘ಬಹುದಂತೆ’ಯನ್ನು ನಾನು ಓದಲಿಲ್ಲ. ನಮ್ಮ ಕೊರಿಯನ್ ಭಾಷೆಯಲ್ಲಿ ಮೂತ್ರಪಿಂಡದ ಹೆಸರೇ ‘ಕೊಂಗ್‌ಪತ್’. ಕೊಂಗ್ ಎಂದರೆ ಸೋಯಾಕಾಳು, ಪತ್ ಎಂದರೆ ಕೆಂಪುಕಾಳು. ಪೂರ್ವಜರು ಹೆಸರಿನಲ್ಲೇ ಔಷಧದ ಚೀಟಿ ಬರೆದಿಟ್ಟಿದ್ದಾರೆ! ಕಾಳಜಿ ಶುರುವಾಗುವುದೇ ಕಾಳಿನಿಂದ.

ಹೆಂಡತಿ ಮ್ಯೋಂಗ್‌ಒಕ್ ತಲೆ ಎತ್ತದೆ ಕೇಳಿದಳು, “ರೀ, ನಿಮ್ಮಮ್ಮ ನಿಮ್ಮನ್ನ ಕಲ್ಲುತಲೆ ಅಂತಿದ್ರು. ಅದಕ್ಕೆ ಜಲ್ಲಿ ತಿನ್ನಿಸ್ಲಾ?”

ಮಹಾಪುರುಷರು ಇಂಥದ್ದಕ್ಕೆ ಕುಗ್ಗುವುದಿಲ್ಲ. ಐದು ಕಿಲೋ ಸೋಯಾಕಾಳು ಬೇಯಿಸಿದೆ. ಅದು ಹುದುಗಿ ನಾರುವ, ಅಂಟಂಟಾದ ಚೊಂಗುಕ್‌ಜಾಂಗ್ ಆಗಲು ಬೆಚ್ಚಗಿರಬೇಕಲ್ಲ, ಅವಳ ವಿದ್ಯುತ್ ಕಂಬಳಿಯಲ್ಲಿ ಸುತ್ತಿ, ಮೇಲೆ ನನ್ನ ದಪ್ಪ ಕೋಟು ಹೊದಿಸಿ ನಮ್ಮ ಹಾಸಿಗೆಯಲ್ಲೇ ಮಲಗಿಸಿದೆ. ಎರಡನೇ ದಿನ ವಾಸನೆ ಎದ್ದು ಕೂತಿತು. ಮೂರನೇ ದಿನ ಬಾಗಿಲು ದಾಟಿ ತಾನೇ ಲಿಫ್ಟ್ ಹತ್ತಿತು! ಕಟ್ಟಡದ ಕಚೇರಿಯವರು ಮನೆಮನೆಯ ಗೋಡೆಯ ಸ್ಪೀಕರಿನಲ್ಲಿ, ಚರಂಡಿ ಕೊಳವೆ ಒಡೆದಿರುವ ಅನುಮಾನವಿದೆ, ಯಾರೂ ಗಾಬರಿಯಾಗಬಾರದು ಎಂದು ಸಾರಿದರು. ಕೊಳವೆ ಹುಡುಕುತ್ತಾ ಬಂದ ಪ್ಲಂಬರ್ ಮೂಗು ಹಿಡಿದುಕೊಂಡು ನೇರವಾಗಿ ನಮ್ಮ ಹಾಸಿಗೆಯ ಮುಂದೆ ನಿಂತ.

ನಾನು ಒಂದು ಕಾಳು ಬಾಯಿಗೆ ಹಾಕುವ ಮೊದಲೇ ಮ್ಯೋಂಗ್‌ಒಕ್ ಎಲ್ಲವನ್ನೂ ಕಸಕ್ಕೆ ಸುರಿದಳು.

ಕಾಳು ಹೋಯಿತು, ಕೋಟಿನ ನಾತ ಹೋಗಲಿಲ್ಲ. ಎರಡು ಸಲ ಒಗೆಸಿದೆ. ಒಗೆದ ಮರುದಿನವೇ ಅದು ಮತ್ತೆ ಹೊಸ ಹುರುಪಿನಿಂದ ನಾರುತ್ತಿತ್ತು. ನಾಲ್ಕನೇ ಮಹಡಿಯ ಹೆಂಗಸು ಲಿಫ್ಟಿನ ಬಾಗಿಲಲ್ಲೇ ತಡೆದಳು: “ಅಣ್ಣಾವ್ರೇ, ಬೇಜಾರು ಮಾಡ್ಕೋಬೇಡಿ. ಒಂದೋ ನಿಮ್ಮ ಕೋಟು ಹೋಗ್ಲಿ, ಇಲ್ಲಾ ನಾವು ಹೋಗ್ತೀವಿ.” ಹೊರಗೆ ನೀರು ಕಲ್ಲಾಗುವ ಚಳಿ. ಕೋಟು ಬಿಡುವಂತಿಲ್ಲ, ಲಿಫ್ಟಿಗೆ ಬಿಡುವವರಿಲ್ಲ. ಬೆಳಿಗ್ಗೆ ಒಂಬತ್ತು ಮಹಡಿ ಇಳಿದೆ, ಸಂಜೆ ಒಂಬತ್ತು ಹತ್ತಿದೆ. ಮೊದಲ ವಾರ ಐದನೇ ಮಹಡಿಯಲ್ಲಿ ಕೂತು ಉಯಿಲಿನ ಒಕ್ಕಣೆ ಯೋಚಿಸುತ್ತಿದ್ದೆ. ಹಂದಿಮಾಂಸ ಸುಡುವ ಅಂಗಡಿಗೆ ದಿನಾ ಕರೆಯುತ್ತಿದ್ದ ಗೆಳೆಯರೂ ಕರೆಯುವುದನ್ನು ಬಿಟ್ಟರು. ಹೀಗೇ ಮೂರು ತಿಂಗಳು!

ತಪಾಸಣೆಯ ದಿನ ಡಾಕ್ಟರ್ ನಾಮ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಸೋರಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ತೂಕ, ಸಕ್ಕರೆ ಎರಡೂ ಇಳಿದಿದ್ದವು. ನನ್ನ ಎದೆ ಮಾತ್ರ ಉಬ್ಬಿತು.

“ಎಲ್ಲಾ ಸೋಯಾ ಮಹಿಮೆ ಡಾಕ್ಟ್ರೇ,” ಎಂದೆ.

“ಹೌದಾ? ದಿನಕ್ಕೆ ಎಷ್ಟು ತಗೊಂಡ್ರಿ?”

ನಾನು ಛಾವಣಿ ನೋಡಿದೆ. ಪಕ್ಕದಲ್ಲಿದ್ದ ಮ್ಯೋಂಗ್‌ಒಕ್ ಶಾಂತವಾಗಿ ಉತ್ತರಿಸಿದಳು, “ದಿನಾ ಒಂದು ಚಮಚ. ಒಂದು ಡಬ್ಬಿ ಎತ್ತಿಟ್ಕೊಂಡಿದ್ದೆ.”

“ಊಟಕ್ಕೆ ಮುಂಚೆನೋ, ಆಮೇಲೋ?”

“ಲಿಫ್ಟಿಗೆ ಮುಂಚೆ, ಡಾಕ್ಟ್ರೇ. ಕೋಟಿನ ಕಾಲರ್‌ಗೆ.”