ನಾಲ್ಕನೇ ಅಧ್ಯಾಯಕ್ಕೆ ಬೇಕಾದ ನಗು

ನಗುವಿನ ಮೇಲೆ ಪಿಎಚ್.ಡಿ. ಮಾಡುವವರು ಸದಾ ನಗುನಗುತ್ತಾ ಇರುತ್ತಾರೆಂದು ಯಾರಾದರೂ ತಿಳಿದಿದ್ದರೆ, ದಯವಿಟ್ಟು ಹೊನ್ನಾಳಿಗೆ ಬಂದು ನನ್ನ ಮುಖ ನೋಡಬೇಕು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡು ತೆಪ್ಪಗಿರಬಹುದಾಗಿದ್ದ ನಾನು ಆರು ವರ್ಷದ ಹಿಂದೆ ‘ಸಿನಿಮಾ ಮತ್ತು ಕಿರುತೆರೆಯಲ್ಲಿ ತನ್ನನ್ನೇ ತಾನು ಗೇಲಿ ಮಾಡಿಕೊಳ್ಳುವ ಹಾಸ್ಯ’ ಎಂಬ ವಿಷಯ ಹಿಡಿದೆ. ಹೊಡೆದಾಟದ ನಡುವೆ ನಾಯಕ ಕ್ಯಾಮೆರಾ ಕಡೆ ತಿರುಗಿ ‘ಹೆದರಬೇಡಿ, ಇಂಟರ್ವಲ್‌ವರೆಗೆ ನಾನು ಸಾಯಲ್ಲ’ ಎನ್ನುತ್ತಾನಲ್ಲ, ಆ ಜಾತಿಯದು. ಮೂರು ಅಧ್ಯಾಯ ಹೇಗೋ ಮುಗಿದವು. ನಾಲ್ಕನೆಯದಕ್ಕೆ ನನ್ನ ಗೈಡು ಅಡ್ಡಗಾಲು ಹಾಕಿದರು. “ಜನ ಎಲ್ಲಿ ನಗ್ತಾರೆ ಅಂತ ಎದುರಿಗೆ ಕೂತು ಬರ್ಕೊಂಡು ಬನ್ರಿ. ಈ ತಿಂಗಳೊಳಗೆ ಬರಲಿಲ್ಲ ಅಂದ್ರೆ ನಿಮ್ಮ ನೋಂದಣಿನೇ ರದ್ದು.”

ಮೊದಲು ಹೆಂಡತಿ ಗೀತಾಳ ಮುಂದೆ ನೋಟ್‌ಬುಕ್ ಹಿಡಿದು ಕೂತೆ. “ನೀವು ಹಿಂಗೆ ದುರುಗುಟ್ಕೊಂಡು ನೋಡಿದ್ರೆ ನಗು ಹೆಂಗ್ರೀ ಬರ್ತೈತೆ?” ಎಂದು ಟಿ.ವಿ. ಆರಿಸಿ ಎದ್ದುಹೋದಳು. ಆಗ ನಲ್ಲೂರಿನ ಮಾವನ ಮನೆ ನೆನಪಾಯಿತು. ಅಲ್ಲಿ ಅಡಿಕೆ ಸುಲಿಯುವ ಹೆಂಗಸರಿಗೆ ಬೇಸರವಾಗದಿರಲೆಂದು ಟಿ.ವಿ.ಯನ್ನು ಅಂಗಳಕ್ಕೇ ತಂದಿಡುತ್ತಾರೆ. ಹನ್ನೆರಡು ಜನ, ಕೈ ಅಡಿಕೆಯ ಮೇಲೆ, ಕಣ್ಣು ಟಿ.ವಿ. ಮೇಲೆ. ಇವರಿಗಿಂತ ಸಾಚಾ ಪ್ರೇಕ್ಷಕರು ಇನ್ನೆಲ್ಲಿ ಸಿಕ್ಕಾರು? ಭಾನುವಾರವೇ ಗೀತಾಳನ್ನು ಕರೆದುಕೊಂಡು ಹೋದೆ.

ಕಾಮಿಡಿ ಷೋ ಶುರುವಾಯಿತು. ಮೊದಲ ಮಾತಿಗೇ ಅಂಗಳವೆಲ್ಲ ಗೊಳ್ಳೆಂದಿತು. ನಾನು ಹಿಗ್ಗಿ ಬರೆದುಕೊಂಡೆ. ಎರಡನೆಯದಕ್ಕೂ ನಕ್ಕರು. ಗೊಬ್ಬರದ ಜಾಹೀರಾತಿಗೂ ನಕ್ಕರು. ಷೋ ಮುಗಿದು ಧಾರಾವಾಹಿ ಬಂದಾಗ, ತಾಯಿ ಪ್ರಾಣ ಬಿಡುವ ದೃಶ್ಯಕ್ಕೆ, ಎಲ್ಲರಿಗಿಂತ ಹಿರಿಯಳಾದ ಕೆಂಚಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ರೇಗಿಹೋಯಿತು. “ಇದಕ್ಕೆ ಯಾಕಮ್ಮಾ ನಗ್ತೀಯ?” ಎಂದೆ.

“ನಾವು ನಕ್ರೆ ನೀವು ಪಾಸಾಗ್ತೀರಂತಲ್ರೀ. ನಗಾಕೆ ನಮಗೇನು ಕಷ್ಟ?” ಎಂದಳು ಕೆಂಚಮ್ಮ.

ಒಳಗಿನಿಂದ ಅತ್ತೆ ಬಂದರು. “ನಾನೇ ಹೇಳಿದ್ದು. ಅಳಿಯಂದ್ರದು ಪರೀಕ್ಷೆ ಐತೆ, ಒಂದಕ್ಕೂ ಬಿಡದಂಗೆ ನಗ್ರಿ ಅಂತ. ಸಾಲದೇನು?”

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಸುಮ್ಮನಿರಲಿಲ್ಲ. ಆರು ವರ್ಷದ ದುಡಿಮೆ ನೀರುಪಾಲಾಗುವ ಹೊತ್ತಿನಲ್ಲಿ ಯಾರು ತಾನೇ ಸುಮ್ಮನಿರುತ್ತಾರೆ? “ಮರ್ಯಾದೆಗೆ ನಕ್ಕರೆ ಅದೂ ಒಂದು ನಗುವೇನೇ? ನಿಮ್ಮ ಮನೆಯವರಿಗೆ ಅಷ್ಟೂ ಗೊತ್ತಾಗೋದಿಲ್ವಾ?” ಎಂದು ಕೂಗಾಡಿದೆ.

ಗೀತಾ ಕಿಟಕಿಯಾಚೆ ನೋಡುತ್ತಾ ಹೇಳಿದಳು: “ಅಳಿಯಂದ್ರ ಮುಂದೆ ಎಲ್ರೂ ಹಂಗೇ ಅಲ್ವೇನ್ರೀ? ನಮ್ಮನೇಲಿ ಊಟಕ್ಕೆ ಕೂತಾಗೆಲ್ಲ ನೀವು ಜೋಕ್ ಹೇಳ್ತೀರಲ್ಲ, ಹದಿನಾಲ್ಕು ವರ್ಷದಿಂದ ಯಾರಾದ್ರೂ ನಗದೆ ಬಿಟ್ಟಾರಾ?”

ನಾಲ್ಕನೇ ಅಧ್ಯಾಯ ಹಾಳಾಗಿ ಹೋಗಲಿ. ಹಾಸ್ಯವೆಂದರೆ ನನಗೆ ಗೊತ್ತು ಎಂಬ ಧೈರ್ಯದಿಂದ ನಾನು ಈ ವಿಷಯಕ್ಕೆ ಕೈ ಹಾಕಿದ್ದೇ ಆ ಊಟದ ಪಂಕ್ತಿಯ ನಗುವನ್ನು ನಂಬಿ.