ಸೂರ್ಯನ ಮೇಲೆ ಚೀಟಿ ನಡೆಸಿದ ಅತ್ತೆ

ಸೂರ್ಯ ಕೆಲಸವಿಲ್ಲದ ಸೋಮಾರಿ ಎಂದು ಬೈದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನನ್ನ ಅತ್ತೆ! ಅಪ್ಪನ ಅಕ್ಕ, ಹೊಳೆನರಸೀಪುರದಲ್ಲಿ ಲೆಕ್ಕದ ಟೀಚರಾಗಿದ್ದವಳು.

"ದಿನವಿಡೀ ನಮ್ಮ ತಾರಸಿ ಮೇಲೆ ಸುಮ್ನೆ ಬಿದ್ದಿರ್ತಾನೆ. ನಾವು ಕೆಳಗೆ ಕಾಸು ಕೊಟ್ಟು ಸೌದೆ ತಂದು, ಕಣ್ಣು ಕೆಂಪಗೆ ಮಾಡ್ಕೊಂಡು ಒಲೆ ಊದ್ತೀವಿ. ಬುದ್ಧಿ ಇದೆಯೇನೇ ನಮಗೆ?"

ತೊಂಬತ್ತರ ದಶಕದ ಶುರುವಿನಲ್ಲೇ ಒಂದು ಡ್ರಮ್ಮಿಗೆ ಕಪ್ಪು ಬಣ್ಣ ಬಳಿದು ತಾರಸಿಗೇರಿಸಿದಳು. ನೀರೇನೋ ಕಾಯಿತು. ಆದರೆ ಮಧ್ಯಾಹ್ನ ಎರಡಕ್ಕೆ! ಮಾವ ಸ್ನಾನವಿಲ್ಲದೆ ದೇವರ ಮನೆಗೆ ಕಾಲಿಡುವವರಲ್ಲ. ಹೀಗಾಗಿ ಆ ವರ್ಷ ಅವರ ಮನೆಯ ದೇವರೂ ಬೆಳಗಿನ ನೈವೇದ್ಯ ಬಿಟ್ಟು ನೇರ ಊಟಕ್ಕೇ ಏಳಬೇಕಾಯಿತು.

ಅಷ್ಟರಲ್ಲಿ ಹಾಸನದ ಅಂಗಡಿಗೆ ನಿಜವಾದ ಸೋಲಾರ್ ಹೀಟರ್ ಬಂತು. ಬೆಲೆ ಕೇಳಿ ಮಾವ ಕುರ್ಚಿ ಹಿಡಿದುಕೊಂಡರು. "ಅಷ್ಟು ದುಡ್ಡಿಗೆ ಎಷ್ಟೋ ವರ್ಷದ ಸೌದೆ ಬರುತ್ತಲ್ಲೇ!"

"ಅದನ್ನೇ ರೀ ನಾನೂ ಹೇಳ್ತಿರೋದು! ಇದು ದುಬಾರಿ ಅಲ್ಲ, ಎಷ್ಟೋ ವರ್ಷದ ಸೌದೆನ ಒಂದೇ ದಿನ ಕೊಂಡ ಹಾಗೆ. ಒಟ್ಟಿಗೆ ಅಷ್ಟು ದುಡ್ಡು ಯಾರ ಹತ್ರಾನೂ ಇಲ್ಲ ಅನ್ನೋದೊಂದೇ ಕಷ್ಟ."

ಮಾವ ಹಿಡಿದಿದ್ದ ಕುರ್ಚಿಯಲ್ಲೇ ಕೂತರು. ನಾನಂತೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಆ ಕಷ್ಟಕ್ಕೂ ಅವಳ ಹತ್ತಿರ ಮದ್ದಿತ್ತು. ಬೀದಿಯವರನ್ನೆಲ್ಲ ಸೇರಿಸಿ ಚೀಟಿ ಶುರು ಮಾಡಿದಳು! ತಿಂಗಳಿಗೊಂದು ಮನೆಗೆ ಹೀಟರ್. ಹರಾಜು ಕೂಗುವ ಹಾಗಿಲ್ಲ. ಬಾಣಂತಿ ಇರುವ ಮನೆಗೆ ಮೊದಲು, ಆಮೇಲೆ ವಯಸ್ಸಾದವರಿರುವ ಮನೆಗೆ. "ನನಗೂ ಮಂಡಿನೋವು" ಎಂದು ಎದುರುಮನೆಯ ಗುಮಾಸ್ತರು ಕುಂಟುತ್ತಾ ಬಂದರು. "ನಿನ್ನೆ ಬಸ್ಸಿನ ಹಿಂದೆ ಓಡ್ತಿದ್ದೋರು ನೀವೇ ಅಲ್ವಾ?" ಎಂದಳು ಅತ್ತೆ. ಅವರು ನೆಟ್ಟಗೆ ನಡೆದು ವಾಪಸಾದರು!

ಬೀದಿಯಲ್ಲಿ ಹೊಗೆ ಕಮ್ಮಿಯಾಗುತ್ತಿದ್ದಂತೆ ಸೌದೆ ಡಿಪೋದ ಸಿದ್ದಣ್ಣ ಬಾಗಿಲಿಗೆ ಬಂದು ನಿಂತ.

"ಅಮ್ನೋರೆ, ನೀವೆಲ್ಲ ಬಿಸ್ಲಲ್ಲಿ ನೀರ್ ಕಾಯಿಸ್ಕತೀರಿ. ನಾನೇನ್ ಬಿಸ್ಲು ಕುಡ್ಕಂಡ್ ಬದುಕ್ಲಾ?"

ಅಂದು ಅತ್ತೆ ಊಟ ಬಿಟ್ಟಳು. ಮರುದಿನ ಅವಳೇ ಡಿಪೋಗೆ ಹೋದಳು. "ಸಿದ್ದಣ್ಣ, ನಿನ್ನ ಟೆಂಪೋದಲ್ಲಿ ಟ್ಯಾಂಕ್ ಹಿಡಿಯುತ್ತಾ?"

ಹಿಡಿಯಿತು. ಹಾಸನದಿಂದ ಟ್ಯಾಂಕುಗಳನ್ನು ತರುತ್ತಾ ತರುತ್ತಾ ಸಿದ್ದಣ್ಣ ಪೈಪು ಕೂಡಿಸುವುದನ್ನೂ ಕಲಿತ. ಚನ್ನರಾಯಪಟ್ಟಣದಿಂದಲೂ ಜನ ಅವನನ್ನು ಕರೆಯತೊಡಗಿದರು. ಸೌದೆ ಕೇಳಿಕೊಂಡು ಬಂದವರಿಗೇ, "ಇನ್ನೂ ಒಗೆ ಕುಡೀತಿದ್ದೀರಾ ಸಾ? ಕೆಮ್ಮು ಬತ್ತದೆ ಕಣ್ ಸಾ!" ಎನ್ನುವ ಮಟ್ಟಕ್ಕೆ ಹೋದ!

ಬೀದಿಯ ತಾರಸಿಗಳೆಲ್ಲ ಮಿನುಗಿದ ಮೇಲೆ, ಕಡೆಯ ತಿಂಗಳು ಅತ್ತೆಯ ಸರದಿ. ಆ ವಾರ ನಾನು ಅಲ್ಲೇ ಇದ್ದೆ. ಬೆಳಿಗ್ಗೆ ಸ್ನಾನಕ್ಕೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಗಾಬರಿಯಾಗಿ ಬಾಗಿಲು ತಟ್ಟಿದೆ.

ಒದ್ದೆ ಕೂದಲಿಗೆ ಟವಲು ಸುತ್ತಿಕೊಂಡು, ಚಿಕ್ಕ ಹುಡುಗಿಯ ಹಾಗೆ ನಗುತ್ತಾ ಹೊರಬಂದಳು.

"ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಹಂಡೆಗೆ ಉರಿ ಹಾಕ್ತಿದ್ದೋಳು ನಾನೇ ಕಣೇ. ಎಲ್ಲರದ್ದೂ ಆಗಿ ನನ್ನ ಸರದಿ ಬರೋ ಹೊತ್ತಿಗೆ ತಳದಲ್ಲಿ ನಾಕು ತಂಬಿಗೆ ಉಗುರುಬೆಚ್ಚಗಿನ ನೀರು ಇರೋದು, ಅಷ್ಟೇ," ಎಂದವಳು ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಬಿಸಿಯಾಗಿ, ನೆನೆದು ಸುಕ್ಕಾಗಿತ್ತು.

"ಇವತ್ತು ಎಷ್ಟು ಹುಯ್ಕೊಂಡ್ರೂ ಬರ್ತಾನೇ ಇತ್ತು ಕಣೇ."